ಗ್ಯಾಲರಿ ಇಲ್ಲದ ಸ್ಟೇಡಿಯಂ

2002ನೇ ಇಸವಿಯಲ್ಲಿ ನಾನು ಜಯನಗರದಲ್ಲಿ ಸಣ್ಣದೊಂದು ಕಚೇರಿ ಇಟ್ಟುಕೊಂಡು ಸ್ವತಂತ್ರವಾಗಿ ಸ್ಟ್ರಕ್ಚರಲ್ ಎಂಜಿನಿಯರ್ ಕೆಲಸ ಮಾಡುತ್ತಿದ್ದೆ. ಅದಕ್ಕೂ ಮೊದಲು ಹಲವು ವರ್ಷ ಸೇತುವೆ ಕಟ್ಟುವ ಕಂಪನಿಯೊಂದರಲ್ಲಿದ್ದೆ. ಹೊಸ ಕಟ್ಟಡದ ವಿನ್ಯಾಸಕ್ಕಿಂತ ಹಳೆಯ ಕಟ್ಟಡದ ತಪಾಸಣೆಗೆ ನನ್ನನ್ನು ಹುಡುಕಿಕೊಂಡು ಬರುವವರೇ ಹೆಚ್ಚು. ಬಿರುಕು ಬಿಟ್ಟ ಶಾಲೆ, ಸೋರುವ ಕಲ್ಯಾಣ ಮಂಟಪ, ವಾಲಿದ ನೀರಿನ ಟ್ಯಾಂಕು ಇಂಥವೇ ನನ್ನ ಪಾಲಿಗೆ ಬರುತ್ತಿದ್ದವು. ಕಟ್ಟಡವನ್ನು ನೋಡಿ, ತಟ್ಟಿ, ಕೆರೆದು, ಬಳಸಲು ಯೋಗ್ಯವೋ ಅಲ್ಲವೋ ಎಂದು ವರದಿ ಬರೆದುಕೊಡುವುದು ನನ್ನ ಕೆಲಸ.

ಆ ವರ್ಷ ಮಳೆಗಾಲಕ್ಕೆ ಮುಂಚೆ ಜರಗನಹಳ್ಳಿ ಕಡೆಯ ಹಳೆಯ ಫುಟ್‌ಬಾಲ್ ಕ್ಲಬ್ಬೊಂದರ ಕಾರ್ಯದರ್ಶಿ ಶ್ರೀನಿವಾಸಮೂರ್ತಿ ಕಚೇರಿಗೆ ಬಂದರು. ಬ್ಯಾಂಕಿನಿಂದ ನಿವೃತ್ತರಾದ, ಮೆತ್ತಗೆ ಮಾತಾಡುವ ಮನುಷ್ಯ. ಅವರ ಕ್ಲಬ್ಬಿನ ಗಂಡಸರ ತಂಡ ಅಂಜನಾಪುರದ ಹತ್ತಿರ ಹೊಸ ಮೈದಾನ ಮಾಡಿಕೊಂಡು ಹೋಗಿತ್ತು. ಖಾಲಿ ಬಿದ್ದ ಹಳೆಯ ಸ್ಟೇಡಿಯಮ್ಮನ್ನು ಮಹಿಳಾ ತಂಡಕ್ಕೆ ಬಿಟ್ಟುಕೊಡಲು ಸಮಿತಿ ಒಪ್ಪಿತ್ತು. ಅಲ್ಲಿಯವರೆಗೆ ಆ ಹುಡುಗಿಯರು ಬಿಟಿಎಂ ಲೇಔಟಿನ ಶಾಲೆಯೊಂದರ ಅಂಗಳದಲ್ಲಿ ಇಟ್ಟಿಗೆ ಜೋಡಿಸಿ ಗೋಲ್ ಮಾಡಿಕೊಂಡು ಆಡುತ್ತಿದ್ದರು. ಲೀಗ್ ನಡೆಸುವ ಸಂಸ್ಥೆ ಒಂದು ಷರತ್ತು ಹಾಕಿತ್ತು. ಪ್ರತಿ ತಂಡಕ್ಕೂ ಸ್ವಂತ ಮೈದಾನ ಇರಬೇಕು, ಅಲ್ಲಿನ ಕಟ್ಟಡ ಸುರಕ್ಷಿತ ಎಂದು ಎಂಜಿನಿಯರ್ ಬರೆದುಕೊಡಬೇಕು. ಇಲ್ಲವಾದರೆ ಆ ವರ್ಷ ಲೀಗಿನಲ್ಲಿ ಜಾಗವಿಲ್ಲ.

"ಬರೀ ಫಾರ್ಮಾಲಿಟಿ ಮೇಡಂ. ನಾನು ಹುಡುಗನಾಗಿದ್ದಾಗಿಂದ ನಿಂತಿರೋ ಕಟ್ಟಡ ಅದು. ಒಂದ್ಸಲ ನೋಡ್ಬಿಟ್ಟು ಸೈನ್ ಹಾಕ್ಕೊಡಿ ಸಾಕು" ಎಂದರು ಮೂರ್ತಿ.

ಒಂದು ಶನಿವಾರ ಮಧ್ಯಾಹ್ನ ಹೋದೆ. ಕನಕಪುರ ರಸ್ತೆಯಿಂದ ಒಳಗೆ ತಿರುಗಿದರೆ ಹೊಸ ಬಾಡಿಗೆ ಮನೆಗಳ ಸಾಲು, ಅದರ ಹಿಂದೆ ಉದ್ದನೆಯ ಕಾಂಪೌಂಡು. ಪಾಳು ಬಿದ್ದ ಜಾಗವನ್ನು ಕಾಣುತ್ತೇನೆ ಅಂದುಕೊಂಡಿದ್ದೆ. ಆದರೆ ಮೈದಾನದ ತುಂಬ ಬೆಳೆದಿದ್ದ ಪಾರ್ಥೇನಿಯಂ ಕಿತ್ತು ಮೂಲೆಯಲ್ಲಿ ರಾಶಿ ಹಾಕಿದ್ದರು. ಗೋಲ್ ಕಂಬಗಳಿಗೆ ಹೊಸದಾಗಿ ಬಿಳಿ ಬಣ್ಣ ಬಿದ್ದಿತ್ತು. ಇಬ್ಬರು ಹುಡುಗಿಯರು ಬಕೆಟ್ಟಿನಲ್ಲಿ ಸುಣ್ಣ ಹಿಡಿದು ಗೆರೆ ಎಳೆಯುತ್ತಿದ್ದರು.

ನನ್ನನ್ನು ಎದುರುಗೊಂಡವಳು ತಂಡದ ಕ್ಯಾಪ್ಟನ್ ರೇಣುಕಾ. ಗದಗದ ಕಡೆಯವಳು. ಬಿಟಿಎಂನಲ್ಲಿ ನರ್ಸಿಂಗ್ ಹೋಮ್ ಒಂದರ ರಿಸೆಪ್ಷನ್‌ನಲ್ಲಿ ಕೆಲಸ, ಅಲ್ಲೇ ತಂಡದ ಇನ್ನಿಬ್ಬರ ಜೊತೆ ಬಾಡಿಗೆ ರೂಮು. ತಂಡದಲ್ಲಿ ಹೆಚ್ಚಿನವರು ಅವಳ ಹಾಗೆಯೇ ಕೊರಿಯರ್ ಆಫೀಸು, ಬಟ್ಟೆ ಅಂಗಡಿ, ಟೆಲಿಫೋನ್ ಬೂತುಗಳಲ್ಲಿ ದುಡಿಯುವವರು. ಬೆಳಿಗ್ಗೆ ಆಡಿ, ಸ್ನಾನ ಮಾಡಿ, ನೇರವಾಗಿ ಕೆಲಸಕ್ಕೆ ಹೋಗುವವರು.

ಅವಳು ಮೊದಲು ತೋರಿಸಿದ್ದು ಗ್ಯಾಲರಿಯ ಮೆಟ್ಟಿಲುಗಳ ಕೆಳಗಿದ್ದ ಡ್ರೆಸಿಂಗ್ ರೂಮನ್ನು. ಗೋಡೆಗೆ ತಾವೇ ಸುಣ್ಣ ಬಳಿದಿದ್ದರು. ಬಾಗಿಲಿಗೆ ಹೊಸ ಚಿಲಕ ಹಾಕಿಸಿದ್ದರು.

"ಒಳಗಿಂದ ಹಾಕ್ಕೋಬಹುದ್ರೀ ಮೇಡಂ" ಎಂದು ಚಿಲಕ ಸರಿಸಿ ತೋರಿಸಿದಳು. "ಸಾಲ್ಯಾಗ ನಾಕು ಮಂದಿ ಚಾದರ ಹಿಡ್ಕೊಂಡು ನಿಂದರತಿದ್ರು, ಒಬ್ಬಾಕಿ ಅದರ ಹಿಂದ ಬಟ್ಟಿ ಬದಲಿ ಮಾಡತಿದ್ಲು."

ಸೇತುವೆ ಸೈಟುಗಳಲ್ಲಿ ಹೆಂಗಸರಿಗೆಂದು ಒಂದು ಮರೆಯೂ ಇಲ್ಲದೆ ದಿನವಿಡೀ ನೀರು ಕುಡಿಯದೆ ಕಳೆದ ವರ್ಷಗಳು ನನಗೂ ಇದ್ದವು. ಆ ಚಿಲಕದ ಬೆಲೆ ನನಗೆ ಯಾರೂ ಹೇಳಬೇಕಾಗಿರಲಿಲ್ಲ.

ಆಮೇಲೆ ಕೆಲಸಕ್ಕೆ ತೊಡಗಿದೆ. ಆ ಗ್ಯಾಲರಿಯ ಚಾವಣಿ ಕ್ಯಾಂಟಿಲಿವರ್ ಮಾದರಿಯದು. ಅಂದರೆ ಹಿಂದುಗಡೆ ಮಾತ್ರ ಕಂಬಗಳು, ಮುಂದೆ ಆಧಾರವಿಲ್ಲ. ಚಾಚಿದ ಕೈಯ ಹಾಗೆ ಸ್ಲ್ಯಾಬು ಗಾಳಿಯಲ್ಲಿ ನಿಂತಿರುತ್ತದೆ. ನೋಡುವವರಿಗೆ ಅಡ್ಡ ಕಂಬ ಬರಬಾರದು ಎಂದು ಹೀಗೆ ಕಟ್ಟುತ್ತಾರೆ. ಇಂಥ ಸ್ಲ್ಯಾಬಿನ ಜೀವವೆಲ್ಲ ಅದರ ಮೇಲ್ಮೈಗೆ ಹತ್ತಿರವಿರುವ ಕಬ್ಬಿಣದ ಕಂಬಿಗಳಲ್ಲಿದೆ. ಮೇಲೆ ನೀರು ನಿಂತರೆ ಮೊದಲು ತುಕ್ಕು ಹಿಡಿಯುವುದೂ ಅವಕ್ಕೇ. ತುಕ್ಕು ಹಿಡಿದ ಕಂಬಿ ಉಬ್ಬುತ್ತದೆ, ಉಬ್ಬಿ ಸುತ್ತಲಿನ ಕಾಂಕ್ರೀಟನ್ನು ಒಡೆಯುತ್ತದೆ. ಕೆಳಗೆ ಕುಳಿತವನಿಗೆ ಇದ್ಯಾವುದೂ ಕಾಣುವುದಿಲ್ಲ. ಸಾಮಾನ್ಯ ಸ್ಲ್ಯಾಬು ಬೀಳುವ ಮೊದಲು ಜೋತು ಬಿದ್ದು ಎಚ್ಚರಿಸುತ್ತದೆ. ಕ್ಯಾಂಟಿಲಿವರ್ ಹಾಗೆ ಎಚ್ಚರಿಸುತ್ತದೆಂದು ನಂಬಿ ಕೂರುವ ಹಾಗಿಲ್ಲ.

ಏಣಿ ಹಾಕಿಸಿ ಮೇಲೆ ಹತ್ತಿದೆ. ನೀರು ಹೋಗುವ ಪೈಪಿನ ಬಾಯಿ ಎಲೆ, ಮಣ್ಣು ತುಂಬಿ ಎಂದೋ ಮುಚ್ಚಿಹೋಗಿತ್ತು. ಅಲ್ಲೊಂದು ಅರಳಿ ಗಿಡ ಬೇರು ಬಿಟ್ಟಿತ್ತು. ಸುತ್ತಿಗೆಯಿಂದ ತಟ್ಟುತ್ತಾ ಹೋದೆ. ಗಟ್ಟಿ ಕಾಂಕ್ರೀಟು ಟಣ್ ಎನ್ನುತ್ತದೆ. ಇದು ಬಹಳ ಕಡೆ ಖಾಲಿ ಡಬ್ಬದ ಹಾಗೆ ಟೊಳ್ಳು ದನಿ ಕೊಟ್ಟಿತು. ಕೆಳಗಿಳಿದು ಮೆಟ್ಟಿಲುಗಳ ಅಡಿಯ ಬೀಮುಗಳನ್ನೂ ನೋಡಿದೆ. ಅವುಗಳ ಸ್ಥಿತಿಯೂ ಚೆನ್ನಾಗಿರಲಿಲ್ಲ. ಡ್ರೆಸಿಂಗ್ ರೂಮು ಇದ್ದದ್ದು ಅವುಗಳ ಅಡಿಯಲ್ಲೇ.

ರೇಣುಕಾಳನ್ನು ಕರೆದು, ಆ ಕ್ಷಣದಿಂದಲೇ ಆ ರೂಮಿಗೆ ಯಾರೂ ಹೋಗಬಾರದು, ಗ್ಯಾಲರಿ ಮೇಲೆ ಯಾರೂ ಕೂರಬಾರದು ಎಂದೆ. ಹುಡುಗಿಯರು ತಮ್ಮ ಬ್ಯಾಗು, ಬೂಟು ಹೊರಗೆ ತಂದು ಬಿಸಿಲಿನಲ್ಲಿ ಇಟ್ಟರು. ಕೈಯಲ್ಲಿ ಸುಣ್ಣದ ಬಕೆಟ್ ಇದ್ದವಳು ಅದನ್ನು ಎಲ್ಲಿಡಬೇಕೆಂದು ತಿಳಿಯದೆ ಹಾಗೇ ನಿಂತಿದ್ದಳು.

"ನಾವು ಬಂದು ಎರಡು ವಾರನೂ ಆಗಿಲ್ರೀ ಮೇಡಂ. ಗಂಡಸ್ರು ಆಡೂ ಮುಂದ ಇದು ಗಟ್ಟಿ ಇತ್ತೇನ್ರೀ?" ಎಂದು ಕೇಳಿದಳು ರೇಣುಕಾ.

"ಆಗಲೂ ಗಟ್ಟಿ ಇರಲಿಲ್ಲ. ಆಗ ಯಾರೂ ಪರೀಕ್ಷೆ ಮಾಡಿಸಲಿಲ್ಲ" ಎಂದೆ.

ಅವಳ ಪ್ರಶ್ನೆಯಲ್ಲಿ ಜಗಳವಿರಲಿಲ್ಲ. ಬಹಳ ಸಲ ಹೀಗೇ ಆಗಿದೆ ಎನ್ನುವವಳ ದಣಿವು ಇತ್ತು. ಅದು ನನ್ನನ್ನು ಮನೆಯವರೆಗೂ ಬಿಡಲಿಲ್ಲ.

ಸೋಮವಾರ ಮೂರ್ತಿಯವರಿಗೆ ವಿಷಯ ತಿಳಿಸಿದೆ. ಗಾಬರಿಯಾಗುತ್ತಾರೆ ಎಂದುಕೊಂಡಿದ್ದೆ. ಅವರು, "ಹಾಗಾದ್ರೆ 'ಅನ್‌ಫಿಟ್' ಅಂತ ಒಂದು ಲೈನ್ ಬರ್ಕೊಡಿ ಮೇಡಂ, ಕಮಿಟಿ ಮುಂದೆ ಇಡ್ತೀನಿ" ಎಂದರು. ಪಕ್ಕದಲ್ಲಿ ಕಲ್ಯಾಣ ಮಂಟಪ ಕಟ್ಟುತ್ತಿದ್ದವರು ಆ ಮೈದಾನವನ್ನು ಪಾರ್ಕಿಂಗಿಗೆ ಕೇಳುತ್ತಿದ್ದಾರೆ, ಸಮಿತಿಯಲ್ಲಿ ಕೆಲವರಿಗೆ ಅದೇ ವಾಸಿ ಅನ್ನಿಸಿದೆ ಎಂದು ಮಾತಿನ ನಡುವೆ ತಿಳಿಯಿತು. ಮೂರ್ತಿ ಕೆಟ್ಟವರಲ್ಲ. ಎರಡು ಕಡೆಯವರ ಮಾತು ಕೇಳಿ ಸುಸ್ತಾಗಿದ್ದರು, ಅಷ್ಟೆ. "ಹುಡುಗೀರಿಗೆ ಬೇರೆ ಕಡೆ ನೋಡೋಣ ಬಿಡಿ" ಎಂದರು. ಬೇರೆ ಕಡೆ ಎಂದರೆ ಮತ್ತೆ ಆ ಶಾಲೆಯ ಅಂಗಳವೇ.

ಆ ಒಂದು ಸಾಲು ಬರೆದಿದ್ದರೆ ಅದರಲ್ಲಿ ಸುಳ್ಳೇನೂ ಇರುತ್ತಿರಲಿಲ್ಲ. ನನ್ನ ಕೆಲಸವೂ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಆ ಸಾಲು ಇಡೀ ಸ್ಟೇಡಿಯಮ್ಮಿಗೆ ಅನ್ವಯವಾಗುತ್ತಿತ್ತು. ನಾನು ನೋಡಿದ್ದು ಗ್ಯಾಲರಿಯನ್ನು ಮಾತ್ರ. ಉಳಿದದ್ದನ್ನು ನೋಡಲು ನನಗೆ ಯಾರೂ ಹೇಳಿರಲಿಲ್ಲ. ಹೇಳದಿದ್ದರೂ ಮತ್ತೆ ಹೋದೆ.

ಮೇಸ್ತ್ರಿಯಿಂದ ಸ್ಲ್ಯಾಬಿನ ಮೇಲ್ಮೈಯನ್ನು ಕೆಲವು ಕಡೆ ಉಳಿಯಲ್ಲಿ ಬಿಚ್ಚಿಸಿದೆ. ಹೆಬ್ಬೆರಳ ಗಾತ್ರ ಇರಬೇಕಾದ ಕಂಬಿಗಳು ಸವೆದು ಪೆನ್ಸಿಲ್ಲಿನಷ್ಟಾಗಿದ್ದವು. ದುರಸ್ತಿಯ ಮಾತೇ ಇಲ್ಲ, ಕೆಡವಲೇಬೇಕು. ಆದರೆ ಟಿಕೆಟ್ ಕೊಡುತ್ತಿದ್ದ ಎರಡು ಕೋಣೆಯ ಕಟ್ಟಡ ಗ್ಯಾಲರಿಯಿಂದ ಬೇರೆಯಾಗಿ, ದೂರದಲ್ಲಿತ್ತು. ಸೈಜುಗಲ್ಲಿನ ಗೋಡೆ, ಗಟ್ಟಿ ತಳಪಾಯ. ನೀರಿನ ಸಂಪರ್ಕ ಅದರ ಪಕ್ಕದಲ್ಲೇ ಹಾದುಹೋಗಿತ್ತು. ಮೈದಾನದ ಆಚೆ ಬದಿಯಲ್ಲಿ ಹಿಂದೆ ಅಗೆದು ಹಾಕಿದ ಮಣ್ಣಿನ ಉದ್ದನೆಯ ದಿಬ್ಬವಿತ್ತು. ಅದರ ಮೇಲೆ ಹೊಂಗೆ ಮರಗಳು. ಜನ ಅಲ್ಲಿ ಆರಾಮವಾಗಿ ಕೂರಬಹುದು. ಕಾಂಪೌಂಡು ಚೆನ್ನಾಗಿತ್ತು.

ವರದಿಯನ್ನು ಭಾಗಭಾಗವಾಗಿ ಬರೆದೆ. ಗ್ಯಾಲರಿ ಮತ್ತು ಚಾವಣಿ ಅಪಾಯಕಾರಿ, ಕೆಡವಬೇಕು, ಅಲ್ಲಿಯವರೆಗೆ ಸುತ್ತ ಬೇಲಿ. ಮೈದಾನ ಆಡಲು ಯೋಗ್ಯ. ಟಿಕೆಟ್ ಕಟ್ಟಡವನ್ನು ಡ್ರೆಸಿಂಗ್ ರೂಮಾಗಿ, ಪಕ್ಕಕ್ಕೆ ಶೌಚಾಲಯ ಸೇರಿಸಿ ಬಳಸಬಹುದು. ಪ್ರೇಕ್ಷಕರು ದಿಬ್ಬದ ಮೇಲೆ. ಜೊತೆಗೆ ನಕ್ಷೆಯನ್ನೂ ಬರೆದು ಕೊಟ್ಟೆ.

"ಗ್ಯಾಲರಿ ಇಲ್ಲದ ಸ್ಟೇಡಿಯಂ ಅಂದ್ರೆ ಏನ್ ಮೇಡಂ ಅದು?" ಎಂದರು ಮೂರ್ತಿ. ಆದರೂ ವರದಿಯನ್ನು ಸಮಿತಿಯ ಮುಂದಿಟ್ಟರು.

ತಡೆ ಬಂದದ್ದು ಬೇರೆ ಕಡೆಯಿಂದ. ಸಮಿತಿಯಲ್ಲಿದ್ದ ಮುನಿರಾಜಪ್ಪ ಎಂಬ ಹಿರಿಯರು ಒಪ್ಪಲಿಲ್ಲ. ಜರಗನಹಳ್ಳಿಯ ಹಳೆಯ ಮನೆತನ. ಒಂದು ಕಾಲದಲ್ಲಿ ಅಲ್ಲೆಲ್ಲ ಅವರ ರಾಗಿ ಹೊಲ. ಈಗ ಬಾಡಿಗೆ ಮನೆಗಳು ಮತ್ತು ಕಾಂಕ್ರೀಟ್ ಹಾಕುವಾಗ ಆಸರೆಗೆ ನಿಲ್ಲಿಸುವ ಸೆಂಟ್ರಿಂಗ್ ಸಾಮಾನು ಬಾಡಿಗೆಗೆ ಕೊಡುವ ವ್ಯಾಪಾರ. ಸ್ಟೇಡಿಯಮ್ಮಿಗೆ ಜಮೀನು ಕೊಟ್ಟವರು ಅವರ ತಂದೆ. ಗ್ಯಾಲರಿಯ ಗೋಡೆಯಲ್ಲಿ ತಂದೆಯ ಹೆಸರಿನ ಕಲ್ಲಿತ್ತು.

ಅವರನ್ನು ಸ್ಥಳಕ್ಕೇ ಬರಹೇಳಿದೆ. ಬಿಳಿ ಪಂಚೆ, ಕೈಯಲ್ಲಿ ಛತ್ರಿ. ಬಂದವರೇ, "ಏನಮ್ಮಾ, ನಮ್ಮಪ್ಪನ ಹೆಸ್ರಿರೋ ಕಟ್ಟಡ ಕೆಡವ್ಬೇಕು ಅಂತ ಬರ್ದಿದ್ದೀರಂತೆ" ಎಂದರು.

"ಬನ್ನಿ ಸಾರ್, ತೋರಿಸ್ತೀನಿ" ಎಂದೆ.

ವಯಸ್ಸಾಗಿದ್ದರೂ ಹಿಂದಿನ ಕಂಬಕ್ಕೆ ಒರಗಿಸಿದ್ದ ಏಣಿ ಹತ್ತಿದರು. ಏಣಿಯ ಮೇಲೆ ನಿಂತೇ, ಬಿಚ್ಚಿದ ಜಾಗದ ಕಂಬಿಯನ್ನು ಉಗುರಿನಿಂದ ಕೆರೆದು ನೋಡಿದರು. ತುಕ್ಕು ಪದರಪದರವಾಗಿ ಕೈಗೆ ಬಂತು. ಕಟ್ಟಡದ ವ್ಯವಹಾರದಲ್ಲೇ ಇದ್ದವರಿಗೆ ನಾನು ಹೆಚ್ಚು ವಿವರಿಸಬೇಕಾಗಲಿಲ್ಲ. ಕೆಳಗಿಳಿದ ಮೇಲೆ ಬಹಳ ಹೊತ್ತು ಮೆಟ್ಟಿಲುಗಳನ್ನೇ ನೋಡುತ್ತಿದ್ದರು.

"ಹೋದ್ವರ್ಷ ಫೈನಲ್ ದಿನ ಮೊಮ್ಮಕ್ಕಳನ್ನೆಲ್ಲ ಕರ್ಕೊಂಡ್ಬಂದು ಇಲ್ಲೇ ಕೂತಿದ್ದೆ ಕಣಮ್ಮಾ" ಎಂದರು.

ಅಷ್ಟರಲ್ಲಿ ರೇಣುಕಾ ಬಂದು ಅವರಿಗೆ ನೀರು ಕೊಟ್ಟಳು. ಕೊಟ್ಟು, "ಅಜ್ಜಾರ, ಕಲ್ಲು ನಾವು ಜ್ವಾಕಿಲೆ ತಗಸ್ತೀವ್ರೀ. ಡ್ರೆಸಿಂಗ್ ರೂಮಿನ ಬಾಗಲದ ಮ್ಯಾಲೆ ಕೂಡಸೂಣು. ದಿನಾ ಒಳಗ ಹೋಗಿ ಬರೂ ಮುಂದ ನೋಡ್ತೀವಿ" ಎಂದಳು.

ಮುನಿರಾಜಪ್ಪ ನೀರು ಕುಡಿದು ಲೋಟ ವಾಪಸ್ ಕೊಟ್ಟರು. "ಎಲ್ಲಮ್ಮ ನಿಮ್ಮೂರು?" ಎಂದು ಕೇಳಿ, ಊರು, ತಂದೆ ತಾಯಿ, ಕೆಲಸ ಎಲ್ಲ ವಿಚಾರಿಸಿದರು. ಹೊರಡುವಾಗ ನನ್ನ ಕಡೆ ತಿರುಗಿ, "ಸೆಂಟ್ರಿಂಗ್ ಸಾಮಾನು ನಮ್ಮಲ್ಲೇ ಇದೆ. ಎಷ್ಟ್ ಬೇಕೋ ತಗೊಳ್ಳಿ" ಎಂದರು.

ಕ್ಯಾಂಟಿಲಿವರನ್ನು ಸುಮ್ಮನೆ ಒಡೆಯಲು ಬರುವುದಿಲ್ಲ. ಮೊದಲು ಚಾಚಿದ ಭಾಗದ ಅಡಿಯುದ್ದಕ್ಕೂ ಆಸರೆ ಕೊಟ್ಟು, ಆಮೇಲೆ ತುದಿಯಿಂದ ಹಿಂದಕ್ಕೆ ಸ್ವಲ್ಪಸ್ವಲ್ಪವೇ ಕತ್ತರಿಸಬೇಕು. ಆಸರೆ ಕೊಡುವಾಗಲೇ ಹೆಚ್ಚು ಅಪಾಯ, ಕೆಲಸದವರು ಅದರ ಕೆಳಗಿರಬೇಕಾಗುತ್ತದೆ. ಮುನಿರಾಜಪ್ಪನವರ ಗೋಡೌನಿನಿಂದ ಕಬ್ಬಿಣದ ಪ್ರಾಪುಗಳು, ಅಂದರೆ ಆಸರೆ ಕಂಬಗಳು, ಬಂದವು. ಗಟ್ಟಿಯಿದ್ದ ಬದಿಯಿಂದ ಶುರು ಮಾಡಿಸಿದೆ. ಆಸರೆ ನಿಂತ ಜಾಗದ ಕೆಳಗೆ ನಿಂತೇ ಮುಂದಿನದನ್ನು ನಿಲ್ಲಿಸಬೇಕು, ಆಸರೆಯಿಲ್ಲದ ಚಾವಣಿ ಕೆಳಗೆ ಯಾರೂ ಕಾಲಿಡಬಾರದು ಎಂದು ಕಟ್ಟುನಿಟ್ಟು ಮಾಡಿದ್ದೆ.

ಎರಡನೆಯ ದಿನ ಬೆಳಿಗ್ಗೆ, ಹುಡುಗಿಯರು ಮೈದಾನದ ಆಚೆ ಅರ್ಧದಲ್ಲಿ ಪ್ರಾಕ್ಟೀಸ್ ಮಾಡುತ್ತಿದ್ದಾಗ, ಹಲಗೆ ಸೀಳಿದ ಹಾಗೆ ಒಂದು ಸದ್ದಾಯಿತು. ಆಸರೆ ಕೊಟ್ಟಿದ್ದ ಭಾಗ ಕೆಳಗಿಳಿದು ಪ್ರಾಪುಗಳ ಮೇಲೆ ಕೂತಿತು. ಇನ್ನೂ ಆಸರೆ ಕೊಡದೆ ಉಳಿದಿದ್ದ ತುದಿಯ ಭಾಗ ಮುರಿದು ಮೆಟ್ಟಿಲುಗಳ ಮೇಲೆ ಬಿತ್ತು. ಧೂಳಿನಲ್ಲಿ ಏನೂ ಕಾಣುತ್ತಿರಲಿಲ್ಲ. ಕೆಲಸದವರನ್ನು ಹೆಸರು ಹಿಡಿದು ಒಬ್ಬೊಬ್ಬರನ್ನಾಗಿ ಕರೆದೆ. ಎಲ್ಲರೂ ಓಗೊಟ್ಟರು. ಮೆಟ್ಟಿಲುಗಳ ಅಡಿಯ ಹಳೆಯ ಡ್ರೆಸಿಂಗ್ ರೂಮಿನ ಸೂರು ಒಳಗೆ ಕುಸಿದಿತ್ತು. ಹುಡುಗಿಯರು ಮೊದಲು ದಿನಾ ಬೆಳಿಗ್ಗೆ ಬಟ್ಟೆ ಬದಲಿಸುತ್ತಿದ್ದ ಜಾಗ ಅದು.

ರೇಣುಕಾ ಬೇಲಿಯವರೆಗೆ ಓಡಿ ಬಂದು ನಿಂತಳು. ಆ ರೂಮಿನ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ಅವಳು ಹಿಂತಿರುಗಿ ಹೋಗಿ ಹುಡುಗಿಯರನ್ನೆಲ್ಲ ಒಟ್ಟಿಗೆ ಕೂರಿಸಿಕೊಂಡಳು. ಆ ದಿನ ಅವರು ಮತ್ತೆ ಆಡಲಿಲ್ಲ.

ಉಳಿದದ್ದನ್ನೂ ಕೆಡವಿದ ಮೇಲೆ ಲೀಗಿನವರು ಬಂದು ನೋಡಿದರು. ಗ್ಯಾಲರಿ ಇದ್ದ ಕಡೆ ಬರೀ ನೆಲ, ಡ್ರೆಸಿಂಗ್ ರೂಮಾದ ಟಿಕೆಟ್ ಕಟ್ಟಡದ ಬಾಗಿಲ ಮೇಲೆ ಮುನಿರಾಜಪ್ಪನವರ ತಂದೆಯ ಹೆಸರಿನ ಕಲ್ಲು. ವರದಿ ಓದಿ, ನಕ್ಷೆ ಹಿಡಿದುಕೊಂಡು ಮೈದಾನ ಸುತ್ತಿ, ಕೊನೆಗೆ ಒಪ್ಪಿದರು. ಪಾರ್ಕಿಂಗ್ ಮಾತು ಸಮಿತಿಯಲ್ಲಿ ಮತ್ತೆ ಬರಲಿಲ್ಲ. ಮುನಿರಾಜಪ್ಪ ಇರುವಾಗ ಅದನ್ನು ಎತ್ತುವವರು ಇರಲಿಲ್ಲ ಎಂದು ಮೂರ್ತಿ ನಗುತ್ತಾ ಹೇಳಿದರು.

ಮೊದಲ ಪಂದ್ಯಕ್ಕೆ ನನ್ನನ್ನೂ ಕರೆದಿದ್ದರು. ಹಿಂದಿನ ದಿನದ ಮಳೆಗೆ ದಿಬ್ಬ ಒದ್ದೆಯಾಗಿತ್ತು. ಜನ ಪೇಪರು, ಗೋಣಿಚೀಲ ಹಾಸಿಕೊಂಡು ಕೂತಿದ್ದರು. ಗಂಡಸರ ಪಂದ್ಯದ ದಿನಗಳಲ್ಲಿ ಆ ಕಡೆ ಸುಳಿಯದ ಹೆಂಗಸರು ಜರಗನಹಳ್ಳಿಯ ಮನೆಗಳಿಂದ ಕೂಸುಗಳನ್ನು ಎತ್ತಿಕೊಂಡು ಬಂದಿದ್ದರು. ದಿಬ್ಬ ಅವರ ಹಿತ್ತಲಿನ ಗೋಡೆಗೆ ಹತ್ತಿರ. ಟಿಕೆಟ್ಟಿಲ್ಲ, ಗೇಟಿನಲ್ಲಿ ಗುಂಪಿಲ್ಲ, ಕುಕ್ಕರ್ ಇಳಿಸಿ ಬಂದು ಕೂರಬಹುದು. ನನ್ನ ಪಕ್ಕ ಕೂತಿದ್ದಾಕೆ, "ಆ ನಾಲ್ಕನೇ ನಂಬರ್ ಹುಡ್ಗಿ ನಾವು ಹೋಗೋ ಬಿಟಿಎಂ ಆಸ್ಪತ್ರೇಲಿ ಚೀಟಿ ಬರೀತಾಳೆ ಆಂಟಿ. ಇಷ್ಟ್ ಜೋರಾಗ್ ಓಡ್ತಾಳೆ ಅಂತ ಗೊತ್ತೇ ಇರ್ಲಿಲ್ಲ" ಎಂದಳು. ಪಂದ್ಯವನ್ನು ರೇಣುಕಾಳ ತಂಡ ಸೋತಿತು. ಮುಗಿದ ಮೇಲೂ ಜನ ಬೇಗ ಏಳಲಿಲ್ಲ.

ಆಮೇಲೆ ಇಪ್ಪತ್ತು ವರ್ಷದಷ್ಟು ಕಾಲ ಇದೇ ಕೆಲಸ ಮಾಡಿದೆ. ಎಷ್ಟೋ ಕಟ್ಟಡಗಳನ್ನು ಕೆಡವಲು ಬರೆದುಕೊಟ್ಟಿದ್ದೇನೆ, ಅದರಲ್ಲಿ ರಾಜಿ ಮಾಡಿಕೊಂಡದ್ದಿಲ್ಲ. ಆದರೆ ಎಂಜಿನಿಯರ್ ಬರೆದ ಒಂದು ಸಾಲು ಯಾರನ್ನು ಕಾಪಾಡುತ್ತದೆ ಎಂಬುದರ ಜೊತೆಗೆ ಯಾರನ್ನು ಬೀದಿಗೆ ಹಾಕುತ್ತದೆ ಎಂಬುದನ್ನೂ ಬರೆಯುವ ಮೊದಲೇ ಯೋಚಿಸಬೇಕು ಎಂದು ಆ ಮೈದಾನದಲ್ಲಿ ಕಲಿತೆ. ಆ ವರ್ಷದಿಂದ ಈಚೆಗೆ ನನ್ನ ಯಾವ ವರದಿಯೂ 'ಯೋಗ್ಯವಲ್ಲ' ಎಂಬ ಮಾತಿನೊಂದಿಗೆ ಮುಗಿದಿಲ್ಲ. ಅದರ ಕೆಳಗೆ, ಏನು ಉಳಿದಿದೆ, ಅದರಲ್ಲಿ ಯಾರು ಹೇಗೆ ಇರಬಹುದು ಎಂದು ಬರೆದ ಮೇಲೆಯೇ ಸಹಿ ಹಾಕಿದ್ದೇನೆ.