ಅಂಚು ದಪ್ಪದ ರೊಟ್ಟಿ

ಬೆಲ್ಲ ತಿಂದವಳು ನಾನು. ಅದನ್ನು ಐದು ಹೆಂಗಸರು ಮತ್ತು ಎರಡು ಕ್ಯಾಮೆರಾಗಳ ಎದುರು ಹೇಳಬೇಕಾಗಿತ್ತು. ಹೇಳಲಿಲ್ಲ. ನಾನು ಬಾಯಿ ಮುಚ್ಚಿಕೊಂಡು ನಿಂತದ್ದರಿಂದ ನನ್ನ ಅಕ್ಕ ಕಳ್ಳಿಯಾದಳು. ಹೆದರಿ ಸುಮ್ಮನಾದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಸುಳ್ಳು. ಸುಮ್ಮನಿದ್ದಾಗ ಒಳಗೆ ಒಂದು ಥರ ಹಿತವೂ ಆಗಿತ್ತು.

ನಾನು ಐದನೆಯ ಇಯತ್ತೆಯವರೆಗೆ ಸಾಲಿ ಕಲಿತವಳು. ಅಕ್ಕ ಅಷ್ಟೂ ಕಲಿಯಲಿಲ್ಲ. ನಮ್ಮವ್ವ ಹನುಮನಹಳ್ಳಿಯಲ್ಲಿ ಬೆಟ್ಟದ ಮೆಟ್ಟಿಲ ಬುಡಕ್ಕೆ ಕೂತು ಕಾಯಿ, ಊದಿನಕಡ್ಡಿ ಮಾರುತ್ತಿದ್ದಳು. ಅವ್ವ ಅಲ್ಲಿ ಕೂತರೆ ಮನೆಯಲ್ಲಿ ಒಲೆ ಅಕ್ಕನದು. ನನಗೆ ರೊಟ್ಟಿ ಬಡಿಯಲು ಕಲಿಸಿದವಳೂ ಅವಳೇ. ಸಣ್ಣವಳಿದ್ದಾಗ ಕಾಯಿ ಒಡೆಯುವ ಕಲ್ಲಿನ ಕೆಳಗೆ ಸಿಕ್ಕು ನನ್ನ ಎಡಗೈ ಹೆಬ್ಬೆರಳು ಸೊಟ್ಟಗಾಗಿದೆ. ಅದಕ್ಕೇ ನನ್ನ ರೊಟ್ಟಿ ಒಂದು ಕಡೆ ದಪ್ಪ ಉಳಿಯುತ್ತದೆ, ಅಲ್ಲಿ ಬೆರಳು ಒತ್ತಿದ ಗುಳಿ ಬೀಳುತ್ತದೆ. "ಕತ್ತಲ್ಯಾಗ ಕೊಟ್ರೂ ನಿನ್ನ ರೊಟ್ಟಿ ಗುರುತ ಹಿಡೀತೇನಿ ನಾ," ಎಂದು ಅಕ್ಕ ನಗುತ್ತಿದ್ದಳು.

ಅಕ್ಕನನ್ನು ಯಲಬುರ್ಗಾಕ್ಕೆ ಕೊಟ್ಟಿದ್ದೆವು. ನಾಲ್ಕು ವರ್ಷ ಬಾಳಿದಳು. ಒಂದು ದಿನ ಅವಳ ಅತ್ತೆ, ಸೊಸೆ ಸೆರಗಿನಲ್ಲಿ ಜೋಳ ಕಟ್ಟಿ ತವರಿಗೆ ಸಾಗಿಸುತ್ತಾಳೆ ಎಂದು ಓಣಿಗೆಲ್ಲ ಕೇಳುವ ಹಾಗೆ ಹೇಳಿದಳು. "ಅಕಿ ಕೈ ಸುದ್ದ ಇಲ್ಲ," ಎಂದು ಬಸ್ಸು ಹತ್ತಿಸಿ ಕಳಿಸಿದಳು. ನಮ್ಮ ಮನೆಗೆ ಒಂದು ಕಾಳೂ ಬಂದಿರಲಿಲ್ಲ. ಭಾವ ಕೆಟ್ಟವನಲ್ಲ, ತನ್ನ ಅವ್ವನ ಮಾತು ಮೀರದವನು. "ಸ್ವಲ್ಪ ದಿನ ಹೋಗಲಿ, ಅವ್ವನ ಸಿಟ್ಟು ಇಳೀಲಿ, ಬಂದು ಕರಕೊಂಡು ಹೋಗ್ತೀನಿ," ಎಂದಿದ್ದ. ಅಕ್ಕ ಆ ಮಾತನ್ನು ನಂಬಿಕೊಂಡು ಒಂದು ವರ್ಷ ಕಾದಿದ್ದಳು.

ಆಗ ಕೊಪ್ಪಳ ಜಿಲ್ಲೆಯಾಗಿ ಹತ್ತು ವರ್ಷ ದಾಟಿತ್ತು. ದೊಡ್ಡ ಚಾನೆಲ್ಲುಗಳಲ್ಲಿ ಮಂದಿಯನ್ನು ಒಂದು ಮನೆಯಲ್ಲಿ ಕೂಡಿಹಾಕಿ ತೋರಿಸುವ ಆಟ ಬರುತ್ತಿತ್ತು. ಅದನ್ನು ನೋಡಿ ಗಂಗಾವತಿಯಲ್ಲಿ ಕೇಬಲ್ ನಡೆಸುತ್ತಿದ್ದ ಒಬ್ಬನಿಗೆ ತಾನೂ ಮಾಡಬೇಕೆನಿಸಿತು. ಹೇಮಗುಡ್ಡದ ದಾರಿಯಲ್ಲಿ ಮದುವೆ ಇಲ್ಲದ ತಿಂಗಳಲ್ಲಿ ಖಾಲಿ ಬಿದ್ದ ಒಂದು ಕಲ್ಯಾಣಮಂಟಪ ಹಿಡಿದ. ಎಂಟು ಹೆಂಗಸರು, ಒಂಬತ್ತು ದಿನ. ಕೊನೆಗೆ ಉಳಿದವಳು ಒಳ್ಳೆಯ ಗೃಹಿಣಿ. ನಡೆದದ್ದನ್ನು ಮರುದಿನ ಕೇಬಲ್ಲಿನಲ್ಲಿ ಬಿಡುತ್ತಿದ್ದ. ಕುಷ್ಟಗಿ, ಯಲಬುರ್ಗಾದ ಕೇಬಲ್ಲಿನವರಿಗೆ ಬಸ್ ಕಂಡಕ್ಟರನ ಕೈಯಲ್ಲಿ ಸಿ.ಡಿ. ಕಳಿಸುತ್ತಿದ್ದ.

ಯಲಬುರ್ಗಾದಲ್ಲೂ ಬರುತ್ತದೆ ಎಂದು ಕೇಳಿದ ಮೇಲೆಯೇ ಅಕ್ಕ ಹೆಸರು ಕೊಟ್ಟಳು. "ಒಂಬತ್ತು ದಿನ ನೋಡಲಿ ನಮ್ಮತ್ತಿ. ನಾ ಹೆಂಗದೀನಿ ಅಂತ ಕಣ್ಣಾರೆ ನೋಡಲಿ," ಎಂದಳು. ನಾನು ಅವಳ ಬೆನ್ನು ಹತ್ತಿದೆ. ಟೀವಿಯಲ್ಲಿ ಕಾಣುವ ಆಸೆ ಬಿಟ್ಟರೆ ನನಗೆ ಬೇರೆ ಕಾರಣ ಇರಲಿಲ್ಲ.

ಕೇಬಲ್ಲಿನವನಿಗೆ ಖುಷಿಯಾಯಿತು. "ಅಕ್ಕ-ತಂಗಿ ಇದ್ರ ಭಾಳ ಛಲೋ ಆತು. ಚಂದಂಗ ಜಗಳಾಡ್ರಿ, ಮಂದಿ ನೋಡ್ತಾರ."

"ನಾವು ಜಗಳಾಡಂಗಿಲ್ರಿ," ಎಂದಳು ಅಕ್ಕ.

"ನಾಕ ದಿನ ಚಹಾ ಬಿಟ್ಟು ನೋಡ್ರಿ ಅಕ್ಕಾರ, ಆಮ್ಯಾಲ ಹೇಳ್ರಿ."

ಮಂಟಪದ ಕಿಟಕಿಗಳಿಗೆಲ್ಲ ಪೇಪರು ಅಂಟಿಸಿದ್ದರು. ಗಡಿಯಾರ ಇಲ್ಲ. ಹಿಟ್ಟು, ಬೇಳೆ ಎಲ್ಲ ಅಳತೆ. ದಿನಕ್ಕೆ ಒಂದು ಬೆಲ್ಲದ ಅಚ್ಚು, ಎಂಟೂ ಮಂದಿಯ ಚಹಾಕ್ಕೆ. ಗಂಟೆ ಬಾರಿಸಿದಾಗ ಎಲ್ಲರೂ ಹೇಳಿದ ಕೆಲಸ ಮುಗಿಸಬೇಕು. ಒಬ್ಬಳು ತಡ ಮಾಡಿದರೂ ಎಲ್ಲರಿಗೂ ಚಹಾ ಬಂದ್.

ಇನ್ನು ಹೊರಗೆ ಹಾಕುವ ರೀತಿ. ನಮ್ಮ ಕಡೆ ಯಾರಾದರೂ ಊರಿಗೆ ಹೊರಟರೆ ರೊಟ್ಟಿಯ ಬುತ್ತಿ ಕಟ್ಟಿ ಕಳಿಸುತ್ತೇವೆ. ದಾರಿಯಲ್ಲಿ ಹಸಿಯದಿರಲಿ ಎಂದು. ಕೇಬಲ್ಲಿನವನು ಅದನ್ನೇ ತಿರುಗಿಸಿದ. ಮೂರನೆಯ ಸಂಜೆಯಿಂದ ಪ್ರತಿಯೊಬ್ಬಳೂ ಒಂದೊಂದು ರೊಟ್ಟಿ ಬಡಿಯಬೇಕು. ಪರದೆಯ ಹಿಂದೆ ಎಲ್ಲರ ಹೆಸರಿನ ಬಟ್ಟೆಗಳು ಹಾಸಿರುತ್ತವೆ. ಒಬ್ಬೊಬ್ಬಳೇ ಒಳಗೆ ಹೋಗಿ, ಯಾರು ಹೋಗಬೇಕೋ ಅವಳ ಬಟ್ಟೆಯಲ್ಲಿ ತನ್ನ ರೊಟ್ಟಿ ಇಟ್ಟು ಬರಬೇಕು. ಹೆಚ್ಚು ರೊಟ್ಟಿ ಬಿದ್ದವಳು ಆ ಬುತ್ತಿ ಕಟ್ಟಿಕೊಂಡು ಎಲ್ಲರೆದುರು ಒಂದು ತುತ್ತು ತಿಂದು ಹೊರಗೆ ನಡೆಯಬೇಕು. ಸಮ ಬಿದ್ದರೆ ಅಂದು ಯಾರೂ ಹೋಗುವಂತಿಲ್ಲ. ಯಾರು ಯಾರಿಗೆ ಇಟ್ಟರೆಂಬುದು ಗುಟ್ಟು, ಎಂದಿದ್ದ.

ಮೊದಲ ಎರಡು ದಿನ ನಾವು ಒಂದೇ ತಾಯಿಯ ಮಕ್ಕಳ ಹಾಗೆ ಇದ್ದೆವು. ಒಬ್ಬರ ತಲೆ ಒಬ್ಬರು ಬಾಚಿದೆವು. ಕೊಪ್ಪಳದಿಂದ ಬಂದ ಒಬ್ಬ ಮಾಸ್ತರರ ಹೆಂಡತಿ ಇದ್ದಳು. ಅವಳನ್ನು ಎಲ್ಲರೂ ಅಕ್ಕಾರ ಎನ್ನುತ್ತಿದ್ದರು, ತನ್ನ ಪಾಲಿನ ಉಪ್ಪಿನಕಾಯಿಯನ್ನೂ ಹಂಚುತ್ತಿದ್ದಳು. ಕಾಲುವೆ ಕಡೆ ಗದ್ದೆ ಮಾಡಿಕೊಂಡಿರುವ ಆಂಧ್ರದವರ ಕ್ಯಾಂಪಿನಿಂದ ಬಂದ ತೆಲುಗು ಹೆಂಗಸೊಬ್ಬಳು ಕೆಲಸ ಮಾಡುತ್ತ ಹಾಡುತ್ತಿದ್ದಳು.

ಮೂರನೆಯ ದಿನ ಹಾಲ್ ಒರೆಸುವ ಕೆಲಸ ಬಂತು. ಅಕ್ಕ ಮೂಲೆ ಮೂಲೆ ಬಿಡದೆ ಒರೆಸುತ್ತಿದ್ದಳು, ಅತ್ತೆ ನೋಡುತ್ತಾಳಲ್ಲ. ಗಂಟೆ ಬಾರಿಸಿದಾಗ ಇನ್ನೂ ಒಂದು ಮೂಲೆ ಉಳಿದಿತ್ತು. ಚಹಾ ಬಂದ್. ನಾಲ್ಕನೆಯ ದಿನವೂ ಹಾಗೇ ಆಯಿತು.

ಚಹಾ ಇಲ್ಲದ ತಲೆನೋವು ಎಂಥದೆಂದು ಕುಡಿದು ಬೆಳೆದವರಿಗೇ ಗೊತ್ತು. ಮಾಸ್ತರರ ಹೆಂಡತಿ ಸುಮ್ಮನೆ ಕೂತಲ್ಲೇ ತನ್ನ ಹುಬ್ಬಿನ ಕೂದಲು ಒಂದೊಂದೇ ಕೀಳತೊಡಗಿದಳು. ನಾನು ಕೆನ್ನೆಯ ಒಳಮೈ ಕಚ್ಚಿ ಕಚ್ಚಿ ಹುಣ್ಣು ಮಾಡಿಕೊಂಡೆ. ಕ್ಯಾಂಪಿನವಳ ಹಾಡು ನಿಂತಿತು. ಹಗಲೋ ಇಳಿಹೊತ್ತೋ ತಿಳಿಯದ ಆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಮಗೆಲ್ಲ ಸಿಟ್ಟು ಮಾಡಲು ಒಬ್ಬಳು ಬೇಕಾಗಿದ್ದಳು. ಕೇಬಲ್ಲಿನವನ ಮೇಲೆ ಸಿಟ್ಟು ಮಾಡಬಹುದಿತ್ತು. ಯಾರಿಗೂ ಹೊಳೆಯಲಿಲ್ಲ.

"ರಾಣಿ ಬಂದ್ಳು, ದಾರಿ ಬಿಡ್ರಿ," ಎಂದಳು ಮಾಸ್ತರರ ಹೆಂಡತಿ, ಅಕ್ಕ ನೀರು ಕುಡಿಯಲು ಬಂದಾಗ. ಎಲ್ಲರೂ ನಕ್ಕರು. ಊಟಕ್ಕೆ ಕೂತಾಗ ಅಕ್ಕನಿಗೆ ಬೆನ್ನು ಹಾಕಿ ಗುಂಡಗೆ ಕೂತರು. ನಾನು ತಾಟು ಹಿಡಿದು ನಡುವೆ ನಿಂತಿದ್ದೆ. ಮಾಸ್ತರರ ಹೆಂಡತಿ ಸರಿದು ಜಾಗ ಮಾಡಿ, "ಬಾ ಬೇ, ನೀ ಅಕಿ ಹಂಗಲ್ಲ," ಎಂದಳು. ನಾನು ಹೋಗಿ ಕೂತೆ. ನನ್ನ ಬೆನ್ನೂ ಅಕ್ಕನ ಕಡೆಗಾಯಿತು. ಅವಳು ಒಬ್ಬಳೇ ಗೋಡೆ ನೋಡಿಕೊಂಡು ಉಂಡಳು. ತಾನು ಸರಿಯಾಗಿ ಉಣ್ಣುತ್ತಿರುವುದನ್ನು ಕ್ಯಾಮೆರಾ ನೋಡಲಿ ಎಂಬಂತೆ ಒಂದು ಅಗುಳೂ ಚೆಲ್ಲದೆ ಉಂಡಳು.

ಐದನೆಯ ಬೆಳಿಗ್ಗೆ ಉಗ್ರಾಣದಿಂದ ಹಿಟ್ಟು ತರಲು ಹೋದೆ. ಅಲ್ಲಿ ಕ್ಯಾಮೆರಾ ಇರಲಿಲ್ಲ. ಬೆಲ್ಲದ ಅಚ್ಚು ಕಂಡಿತು. ಒಂದು ಚೂರು ಎಂದು ಶುರು ಮಾಡಿದವಳು ಅರ್ಧ ಅಲ್ಲೇ ನಿಂತು ತಿಂದೆ. ಉಳಿದದ್ದನ್ನು ಸೆರಗಿನಲ್ಲಿ ಮುಚ್ಚಿ ತಂದು ಕೌದಿಯಲ್ಲಿಟ್ಟು, ಬಚ್ಚಲಿಗೆ ಹೋಗುವಾಗ ತೆಗೆದುಕೊಂಡು ಅಲ್ಲಿ ಮುಗಿಸಿದೆ. ಆ ಕೌದಿ ಮನೆಯಿಂದ ತಂದದ್ದು. ನಾನೂ ಅಕ್ಕನೂ ಇಬ್ಬರೂ ಅದರಲ್ಲೇ ಮಲಗುತ್ತಿದ್ದೆವು.

ಅಂದು ಎಲ್ಲರೂ ಕೆಲಸ ಹೊತ್ತಿಗೆ ಸರಿಯಾಗಿ ಮುಗಿಸಿದ್ದರು. ಅಕ್ಕನೂ ಮುಗಿಸಿದ್ದಳು. ಚಹಾ ಉಂಟು ಎಂದರು. ಬೆಲ್ಲ ಇಲ್ಲ.

ಇರುವೆಗಳು ಕೌದಿಯ ತನಕ ಸಾಲು ಹಿಡಿದಿದ್ದವು. ಮಾಸ್ತರರ ಹೆಂಡತಿ ಅದನ್ನು ಎರಡು ಬೆರಳಿನಿಂದ ಎತ್ತಿ ಝಾಡಿಸಿದಳು. "ನೋಡ್ರಿ, ಇರಿವಿ ಬಂದು ಸಾಕ್ಷಿ ಹೇಳಾಕತ್ತಾವ. ಇಬ್ಬರಾಗ ಯಾರು, ಈಗ ಹೇಳ್ರಿ."

ಕ್ಯಾಮೆರಾ ಹಿಡಿದವನು ಹತ್ತಿರ ಬಂದ. ಅಕ್ಕ ನನ್ನನ್ನು ನೋಡಿದಳು. ಬಾಯಿಗೆ ಬೆಲ್ಲ ಹತ್ತಿದರೆ ಸಣ್ಣಂದಿನಿಂದ ತುಟಿ ನೆಕ್ಕುತ್ತಲೇ ಇರುವ ಚಾಳಿ ನನ್ನದು. ಅದು ಅವಳಿಗೆ ಗೊತ್ತು. ನಾನು ನೆಲ ನೋಡಿದೆ.

"ನಾ ತಿಂದಿಲ್ರಿ," ಎಂದಳು ಅಕ್ಕ. ಅಷ್ಟೇ ಹೇಳಿದಳು. ನನ್ನ ಕಡೆ ಒಂದು ಬೆರಳು ತೋರಿಸಿದ್ದರೆ ಅವಳು ಉಳಿಯುತ್ತಿದ್ದಳು.

"ತಂಗಿ, ನೀ ಹೇಳು ಬೇ," ಎಂದು ಮಾಸ್ತರರ ಹೆಂಡತಿ ನನ್ನ ಕಡೆ ತಿರುಗಿದಳು. "ನೀ ತಿಂದಿಯೇನು?"

"ಇಲ್ರಿ."

"ಅಂದ್ರ ಉಳದಾಕಿ ಯಾರು?"

ಯಾರೋ ಕಿಸಕ್ಕೆಂದು ನಕ್ಕರು. "ಅದಕ್ಕ ಗಂಡನ ಮನಿಯವ್ರು ಹೊರಗ ಹಾಕ್ಯಾರ," ಎಂದಳು ಮಾಸ್ತರರ ಹೆಂಡತಿ. "ಅಕಿ ಕೈ ಸುದ್ದ ಇಲ್ಲಂತ ಅವ್ರ ಮೊದ್ಲ ಹೇಳಿದ್ರಂತ, ಹೌದಿಲ್ಲೋ?"

ಆ ಮಾತು ಅವಳಿಗೆ ಹೇಗೆ ಗೊತ್ತಾಯಿತು ಎಂದು ನೀವು ಕೇಳಬಹುದು. ಹಿಂದಿನ ದಿನ ಗುಂಡಗೆ ಕೂತು ಉಂಡಾಗ ನಾನೇ ಹೇಳಿದ್ದೆ. ಜಾಗ ಕೊಟ್ಟವರಿಗೆ ಏನಾದರೂ ಕೊಡಬೇಕಲ್ಲ. ಎಲ್ಲರೂ ನಕ್ಕರು. ನಾನೂ ನಕ್ಕೆ.

ಹಿಂದಿನ ಎರಡು ಸಂಜೆ ಇಬ್ಬರು ಹೊರಗೆ ಹೋಗಿ, ಆ ಸಂಜೆ ಆರು ಮಂದಿ ಉಳಿದಿದ್ದೆವು. ಆರು ರೊಟ್ಟಿ. ಅಕ್ಕ ಹೋದರೆ ಬೆಲ್ಲದ ಮಾತೂ ಅವಳ ಜೊತೆ ಹೋಗುತ್ತದೆ ಎಂದುಕೊಂಡು ಪರದೆಯ ಹಿಂದೆ ಹೋಗಿ ನನ್ನ ರೊಟ್ಟಿಯನ್ನು ಅವಳ ಬಟ್ಟೆಯಲ್ಲಿಟ್ಟೆ. ಗುಟ್ಟು ಎಂದಿದ್ದರಲ್ಲ, ಅದನ್ನು ನಂಬಿದೆ. ರೊಟ್ಟಿ ಬಡಿದ ಕೈ ಗುಟ್ಟಾಗಿ ಉಳಿಯುವುದಿಲ್ಲ ಎಂಬುದು ಎಂಟು ವರ್ಷದಿಂದ ರೊಟ್ಟಿ ಬಡಿಯುತ್ತಿದ್ದ ನನಗೆ ಹೊಳೆಯಲಿಲ್ಲ.

ಬಟ್ಟೆ ಬಿಚ್ಚಿದಾಗ ಅಕ್ಕನದರಲ್ಲಿ ನಾಲ್ಕು, ಮಾಸ್ತರರ ಹೆಂಡತಿಯದರಲ್ಲಿ ಎರಡು. ಆ ಎರಡರಲ್ಲಿ ಒಂದು ಅಕ್ಕನದು. ಇನ್ನೊಂದು ಕ್ಯಾಂಪಿನ ಹೆಂಗಸಿನದು ಎಂದು ಆಮೇಲೆ ತಿಳಿಯಿತು. ಗುರುತು ಪರಿಚಯ ಇಲ್ಲದವಳು ಅಕ್ಕನ ಪರ ನಿಂತಿದ್ದಳು. ನಾನೂ ನಿಂತಿದ್ದರೆ ಮೂರು-ಮೂರು ಆಗುತ್ತಿತ್ತು.

ಅಕ್ಕ ಬುತ್ತಿಯ ಮುಂದೆ ಕೂತಳು. ನಾಲ್ಕೂ ರೊಟ್ಟಿಗಳನ್ನು ಒಂದೊಂದಾಗಿ ಎತ್ತಿ ನೋಡಿದಳು. ಮೂರನೆಯದನ್ನು ಎತ್ತಿದಾಗ ಅವಳ ಹೆಬ್ಬೆರಳು ಅಂಚಿನ ಗುಳಿಯ ಮೇಲೆ ಹೋಗಿ ನಿಂತಿತು. ಒಂದು ತುತ್ತು ತಿನ್ನಬೇಕು ಎಂದಿತ್ತಲ್ಲ, ಆ ಗುಳಿಯ ಕಡೆಯಿಂದಲೇ ಮುರಿದು ಬಾಯಿಗೆ ಹಾಕಿಕೊಂಡು ನಿಧಾನ ಅಗಿದಳು.

"ಅಂಚು ಹಸೀನ ಉಳದೈತಿ," ಎಂದಳು.

"ಹೋಗೂ ಮುಂದ ಸೈತ ಹೆಸರಿಡತಾಳ ನೋಡ್ರಿ," ಎಂದು ಮಾಸ್ತರರ ಹೆಂಡತಿ ನಗಿಸಿದಳು. ಅಕ್ಕ ಬುತ್ತಿ ಕಟ್ಟಿಕೊಂಡು ಹೊರಗೆ ಹೋದಳು. ಕೌದಿಯನ್ನು ನನಗೆ ಬಿಟ್ಟು ಹೋಗಿದ್ದಳು.

ನಾನು ಕೊನೆಯವರೆಗೂ ಉಳಿದು ಎರಡನೆಯವಳಾದೆ. ಒಂದು ಕುಕ್ಕರ್ ಕೊಟ್ಟರು. ಯಲಬುರ್ಗಾದಲ್ಲಿ ಆ ಸಿ.ಡಿ.ಯನ್ನು ಬೀಗರ ಮನೆಯಲ್ಲಿ ಓಣಿಯವರೆಲ್ಲ ಕೂತು ನೋಡಿದರಂತೆ. "ನಾ ಹೇಳಿದ್ರ ನಂಬಲಿಲ್ಲ, ಈಗ ಟೀವಿನ ಹೇಳೇತಿ," ಎಂದು ಅತ್ತೆ ಹೇಳಿ ಕಳಿಸಿದಳು. ಮಳೆಗಾಲ ಮುಗಿಯುವುದರೊಳಗೆ ಭಾವ ಇನ್ನೊಂದು ಮದುವೆಯಾದ. ಅಕ್ಕ ಅಳುತ್ತಾಳೇನೋ ಎಂದು ನಾನು ಕಾದೆ. ಅಳಲಿಲ್ಲ. ನನ್ನ ಜೊತೆ ಮಾತು ಬಿಡಲೂ ಇಲ್ಲ. ಅದರಿಂದ ನನಗೆ ಇನ್ನೂ ಸಿಟ್ಟು ಬರುತ್ತಿತ್ತು. ನನ್ನನ್ನು ನೋಡಲು ಗಂಡಿನವರು ಬಂದ ದಿನ, "ಆ ಕೇಬಲ್ ಟೀವ್ಯಾಗ ಬೆಲ್ಲ ಕದ್ದಾಕಿ ನಿಮ್ಮಕ್ಕ ಏನು?" ಎಂದು ಕೇಳಿದರು. "ಹೌದ್ರಿ, ಆದ್ರ ಅಕಿ ನಮ್ಮ ಜೋಡಿ ಇರಂಗಿಲ್ರಿ," ಎಂದೆ. ಅಕ್ಕ ಆಗ ಒಳಗೆ ಅವರಿಗೇ ಚಹಾ ಸೋಸುತ್ತಿದ್ದಳು. ಮರುವಾರ ಕುಷ್ಟಗಿಯ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುವ ಕೆಲಸ ಹಿಡಿದು ಹೊರಟುಹೋದಳು. ಅವಳಿಗೆ ಯಾರೂ ಬುತ್ತಿ ಕಟ್ಟಲಿಲ್ಲ.

ಅಲ್ಲಿಂದ ಇಷ್ಟು ವರ್ಷ. ನನಗೊಬ್ಬ ಮಗಳಿದ್ದಾಳೆ. ಹೋದ ವರ್ಷ ಯಾರೋ ಆ ಹಳೆಯ ಸಿ.ಡಿ.ಯ ತುಣುಕನ್ನು ಮೊಬೈಲಿನಲ್ಲಿ ಬಿಟ್ಟಿದ್ದರು. ಅದು ಸುತ್ತಿ ಸುತ್ತಿ ನನ್ನ ಮಗಳ ಕೈಗೆ ಬಂತು. ಮೂರು ಸಲ ನೋಡಿದಳು. "ಅವ್ವ, ದೊಡ್ಡವ್ವಗ ಎಲ್ಲಾರೂ ಬೈಯಾಕತ್ತಾರ. ನೀ ಯಾಕ ನಗಾಕತ್ತಿ?" ಎಂದು ಕೇಳಿದಳು. ನಾನು ಮೊಬೈಲು ಕಸಿದುಕೊಂಡು ಅವಳಿಗೆ ಹೊಡೆದೆ.

ಮರುದಿನ ಕುಷ್ಟಗಿಯ ಬಸ್ಸು ಹತ್ತಿದೆ.

ಮಧ್ಯಾಹ್ನದ ಊಟದ ಹೊತ್ತು. ಖಾನಾವಳಿಯ ಒಳಗೆ ನಾಲ್ಕು ಒಲೆ, ನಾಲ್ಕು ಹೆಂಗಸರು. ಅಕ್ಕನ ತಲೆ ಅರ್ಧ ಬೆಳ್ಳಗಾಗಿತ್ತು. ನನ್ನನ್ನು ನೋಡಿ, "ಬಾ, ಕೂಡು," ಎಂದು ಹಿಟ್ಟಿನ ಉಂಡೆಯೊಂದನ್ನು ನನ್ನ ಮುಂದೆ ನೂಕಿದಳು. "ಖಾಲಿ ಕೈಲೆ ಕೂಡಬ್ಯಾಡ. ಗಿರಾಕಿ ಭಾಳ ಅದಾರ."

ಬಡಿದೆ. ಅವಳು ಅದನ್ನು ಎತ್ತಿ ಅಂಚಿನ ಮೇಲೆ ಬೆರಳಾಡಿಸಿ ಹಂಚಿಗೆ ಹಾಕಿದಳು. "ಇನ್ನೂ ಹಂಗ ಐತಿ," ಎಂದಳು.

ನಾನು ಬಾಯೊಳಗೇ ಏನೋ ಹೇಳಿದೆ.

"ಏನಂದಿ?"

"ಅದ... ಆ ಬೆಲ್ಲದ್ದು..."

"ಒಲಿ ಸಪ್ಪಳದಾಗ ನನಗ ಕೇಳವಲ್ದು," ಎಂದಳು. ಉಳಿದ ಮೂವರು ಹೆಂಗಸರು ಬಡಿಯುವುದನ್ನು ನಿಲ್ಲಿಸಿ ನನ್ನ ಕಡೆ ತಿರುಗಿದ್ದರು. ಅಕ್ಕ ನನ್ನ ಮುಖ ನೋಡಲಿಲ್ಲ. ರೊಟ್ಟಿ ತಿರುವಿ ಹಾಕುತ್ತ, "ಅವತ್ತ ಎಲ್ಲಾರ ಮುಂದ ಆಗಿತ್ತಲ್ಲ. ಇವತ್ತೂ ಎಲ್ಲಾರಿಗೂ ಕೇಳೂವಂಗ ಹೇಳು. ಇಲ್ಲಂದ್ರ ಎದ್ದು ಬಸ್ ಹಿಡಿ," ಎಂದಳು.

ಊಟಕ್ಕೆ ಕೂತವರೂ ಬಾಗಿಲಿನಿಂದ ಇಣುಕುತ್ತಿದ್ದರು. ನಾನು ಹಿಟ್ಟಿನ ಕೈಯಲ್ಲೇ ಎದ್ದು ನಿಂತೆ.

"ಬೆಲ್ಲ ತಿಂದಾಕಿ ನಾನು, ಅಕ್ಕ. ನೀ ಅಲ್ಲ. ನಿನ್ನ ಬುತ್ತ್ಯಾಗ ರೊಟ್ಟಿ ಇಟ್ಟಾಕಿನೂ ನಾನ. ನಿನ್ನ ಕೈ ಸುದ್ದ ಐತಿ, ನನ್ನ ಕೈ ಸುದ್ದ ಇಲ್ಲ. ನಂದು ತಪ್ಪಾತು."