ಹೊಸ ಲಾರಿಗೆ ತುಕ್ಕಿನ ಪೇಂಟು

ತುಕ್ಕಿಗೆ ವಾರ್ನಿಷ್ ಹೊಡೆದದ್ದನ್ನು ನೀವು ಯಾವತ್ತಾದರೂ ನೋಡಿದ್ದೀರಾ?

ನಾನು ನೋಡಿದೆ. ಕಳೆದ ಭಾನುವಾರ, ಕಿರವತ್ತಿ ಹತ್ತಿರ ಹೈವೇ ಪಕ್ಕದಲ್ಲಿ ಹೊಸದಾಗಿ ಶುರುವಾದ ಒಂದು ರೆಸಾರ್ಟಿನಲ್ಲಿ. ಅಲ್ಲಿಯ ಹುಲ್ಲುಹಾಸಿನ ಮೇಲೆ ಒಂದು ಹಳೆಯ ಲಾರಿ ನಿಂತಿತ್ತು. ಮೈತುಂಬ ಕಂದು ತುಕ್ಕು. ಬಾಗಿಲಿನ ಬಣ್ಣ ಚಕ್ಕೆ ಎದ್ದಿತ್ತು. ಬಾನೆಟ್ ನೆಗ್ಗಿತ್ತು. ಹತ್ತಿರ ಹೋಗಿ ಉಗುರಿನಿಂದ ಕೆರೆದೆ. ತುಕ್ಕು ಕೈಗೆ ಹತ್ತಲಿಲ್ಲ. ಅದರ ಮೇಲೆ ನುಣ್ಣಗೆ ವಾರ್ನಿಷ್ ಬಳಿದಿದ್ದರು. (ಪಾಪ, ತುಕ್ಕಿಗೆ ತುಕ್ಕು ಹಿಡಿದುಬಿಟ್ಟರೆ?)

ಇದಕ್ಕೆಲ್ಲ ಸಿಟ್ಟು ಮಾಡಿಕೊಳ್ಳುವುದೇನಿದೆ ಅಂತೀರಾ? ಕೇಳಿ. ಇದೇ ಲಾರಿಯನ್ನು ಎರಡು ತಿಂಗಳ ಹಿಂದೆ ನಾನು ಕಣ್ಣಾರೆ ನೋಡಿದ್ದೆ. ಆಗ ಒಂದು ಚುಕ್ಕೆ ತುಕ್ಕಿರಲಿಲ್ಲ. ಷೋರೂಮಿನಿಂದ ಅದೇ ಬೆಳಿಗ್ಗೆ ಹೊರಗೆ ತಂದ ಹಾಗಿತ್ತು.

ಅದನ್ನು ಹಾಗೆ ಮಾಡಿದವರು ಯಲ್ಲಾಪುರದ ಖಾದರ್ ಮಿಸ್ತ್ರಿ. ಎಪ್ಪತ್ತು ದಾಟಿದೆ. ಅವರ ಮೂರೂ ಮಕ್ಕಳು ನನ್ನ ಕೈಯಲ್ಲಿ ಅಕ್ಷರ ಕಲಿತವರು. ಹಾಗಾಗಿ ನಾನು ರಿಟೈರ್ ಆಗಿ ಇಷ್ಟು ವರ್ಷವಾದರೂ ಮಿಸ್ತ್ರಿಗೆ ಅಕ್ಕೋರೇ. ಹಳೆಯ ಗಾಡಿಗಳನ್ನು ಹೊಚ್ಚ ಹೊಸದು ಮಾಡುವುದು ಅವರ ಕಸುಬು. (ಕಸುಬಲ್ಲ, ಹುಚ್ಚು ಅನ್ನುತ್ತಾರೆ ಅವರ ಹೆಂಡತಿ.) ಆ ಹುಚ್ಚಿನ ಬಗ್ಗೆ ಹಿಂದೊಮ್ಮೆ ಇದೇ ಅಂಕಣದಲ್ಲಿ ಬರೆದಿದ್ದೆ. ಕೆಲವರಿಗೆ ನೆನಪಿರಬಹುದು.

ಅದನ್ನು ಓದಿ ರೆಸಾರ್ಟಿನ ಮಾಲೀಕರು ನನಗೆ ಫೋನ್ ಮಾಡಿದರು. ಹುಲೇಕಲ್ ಕಡೆ ಒಂದು ಸಾಮಿಲ್ಲಿನ ಹಿಂದೆ ಹಳೆಯ ಲಾರಿ ಸಿಕ್ಕಿದೆ, ಉದ್ದ ಮೂತಿಯ ಆ ಕಾಲದ ಲಾರಿ, ಅದನ್ನು ಮೊದಲಿದ್ದ ಹಾಗೆ ಮಾಡಿಸಬೇಕು, ಆ ಮಿಸ್ತ್ರಿಯ ನಂಬರ್ ಕೊಡ್ತೀರಾ ಮೇಡಂ ಎಂದರು. ಕೊಟ್ಟೆ. ತಪ್ಪು ಅಲ್ಲಿಂದಲೇ ಶುರು, ಮತ್ತು ಅದು ನನ್ನದು.

ಕೆಲಸ ಎರಡು ವರ್ಷ ನಡೆಯಿತು. ಮೊದಲ ನಾಲ್ಕೈದು ತಿಂಗಳು ಬರೀ ಬಿಚ್ಚುವುದೇ. ಸಂತೆಗೆ ಹೋದಾಗಲೆಲ್ಲ ನಾನು ಗ್ಯಾರೇಜಿಗೆ ಇಣುಕುತ್ತಿದ್ದೆ. ಬಾನೆಟ್ಟಿನ ತಗಡು ಮುದುಡಿ ಹೋಗಿತ್ತು. ಬೇರೆಯವರಾದರೆ ನೆಗ್ಗಿದ ಜಾಗಕ್ಕೆ ಪುಟ್ಟಿ ಮೆತ್ತಿ, ಮೇಲೆ ಬಣ್ಣ ಹೊಡೆದು ಕೈತೊಳೆದುಕೊಳ್ಳುತ್ತಿದ್ದರು. ಮಿಸ್ತ್ರಿ ಮರಳಿನ ಚೀಲದ ಮೇಲೆ ತಗಡನ್ನಿಟ್ಟು, ಮರದ ಸುತ್ತಿಗೆಯಿಂದ ದಿನಗಟ್ಟಲೆ ತಟ್ಟಿದರು. ಅಂಗೈಯಿಂದ ಸವರುವುದು, ಮತ್ತೆ ತಟ್ಟುವುದು. ಸ್ವಲ್ಪ ಪುಟ್ಟಿ ಹಚ್ಚಬಾರದೇ ಎಂದು ಕೇಳಿದ್ದಕ್ಕೆ, ಅದು ಸುಳ್ಳು ಹೇಳಿದ ಹಾಗೆ, ಎರಡು ಮಳೆಗಾಲ ಕಳೆದರೆ ಹೊರಗೆ ಬಂದೇ ಬರುತ್ತದೆ ಎಂದರು.

ಕ್ಯಾಬಿನ್ನಿನ ಮರ ಕೊಳೆತಿತ್ತು. ಕೊಳೆತ ತುಂಡುಗಳನ್ನೇ ಅಳತೆಗೆ ಇಟ್ಟುಕೊಂಡು ಸಾಗವಾನಿಯಲ್ಲಿ ಹೊಸದು ಕೂರಿಸಿದರು. ಒಂದು ದೀಪದ ಗಾಜಿಗಾಗಿ ಹುಬ್ಬಳ್ಳಿಯ ಗುಜರಿ ಅಂಗಡಿಗಳನ್ನು ನಾಲ್ಕು ಸಲ ಸುತ್ತಿದರು. ಬಾಗಿಲಿನ ಬಣ್ಣವನ್ನು ಪದರ ಪದರವಾಗಿ ಉಜ್ಜಿದರು. ನೀಲಿ ಹೋಯಿತು, ಕೆಂಪು ಹೋಯಿತು, ಕಟ್ಟಕಡೆಗೆ ತಳದಲ್ಲಿ ಎಲೆಹಸಿರು ಕಂಡಿತು. ಇದು ಹುಟ್ಟಿದ ಬಣ್ಣ ಅಂದರು. ಅದೇ ಹಸಿರು ಕಲೆಸಲು ಒಂದು ವಾರ. ಆಮೇಲೆ ಶಿರಸಿಯಿಂದ ಹಳಬರಾದ ಬೋರ್ಡ್ ಪೇಂಟರ್ ಒಬ್ಬರು ಬಂದು, ಸ್ಟಿಕ್ಕರ್ ಗಿಕ್ಕರ್ ಇಲ್ಲದೆ ಕುಂಚದಲ್ಲೇ ಲಾರಿಯ ಹಣೆಯ ಮೇಲೆ ಅದರ ಹೆಸರು ಬರೆದುಕೊಟ್ಟರು.

ಆದರೆ ಆ ಹಸಿರು ಸರಿಯಾದ ಹಸಿರು ಹೌದೋ ಅಲ್ಲವೋ ಎಂದು ಹೇಳಬಲ್ಲವರು ಒಬ್ಬರೇ ಉಳಿದಿದ್ದರು. ಸಿದ್ದಾಪುರದ ಈಶ್ವರ ನಾಯ್ಕರು. ಆ ಲಾರಿ ಹೊಸದಾಗಿ ಬಂದ ದಿನ ಸ್ಟೇರಿಂಗ್ ಹಿಡಿದವರು ಅವರೇ. ಇಪ್ಪತ್ತು ವರ್ಷ ನಾಟಾ ದಿಮ್ಮಿ ಹೇರಿಕೊಂಡು ಅರಬೈಲ್ ಘಾಟಿ ಇಳಿದು ಹತ್ತಿದವರು. ಮಿಸ್ತ್ರಿ ಗ್ಯಾರೇಜ್ ಹಾಕಿದಾಗ ಅವರ ಮೊದಲ ಗಿರಾಕಿ, ಆಮೇಲೆ ಜೀವದ ಗೆಳೆಯ. ಈಗ ಸೊಂಟ ಹಿಡಿದುಕೊಂಡು ಮನೆಯಲ್ಲೇ ಇದ್ದಾರೆ. ಫೋಟೋ ಕಳಿಸಿ ಎಂದರೆ ಮಿಸ್ತ್ರಿ ಒಪ್ಪಲಿಲ್ಲ. ಫೋಟೋದಲ್ಲಿ ಬಣ್ಣ ಸುಳ್ಳು ಕಾಣುತ್ತದೆ, ಈಶ್ವರಣ್ಣ ಕಣ್ಣಿಂದ ನೋಡಿ, ಕೈಯಿಂದ ಮುಟ್ಟಿ ಹೇಳಲಿ ಅನ್ನುತ್ತಿದ್ದರು. ಮಿಸ್ತ್ರಿಗೆ ಬೇಕಿದ್ದದ್ದು ಅದೊಂದೇ ಸರ್ಟಿಫಿಕೇಟು. ರೆಸಾರ್ಟಿನಲ್ಲಿ ಲಾರಿಯ ಉದ್ಘಾಟನೆಯ ದಿನ ನಾಯ್ಕರು ಬರುವುದು ಎಂದಾಗಿತ್ತು.

ಉದ್ಘಾಟನೆಗೆ ನಾನೇ ಅತಿಥಿ. ಮಿಸ್ತ್ರಿಯನ್ನು ನನ್ನ ಕಾರಿನಲ್ಲೇ ಕರೆದುಕೊಂಡು ಹೋದೆ. ಇಸ್ತ್ರಿ ಹಾಕಿದ ಬಿಳಿ ಅಂಗಿ ತೊಟ್ಟು, ಅತ್ತರು ಹಾಕಿಕೊಂಡು ಬಂದಿದ್ದರು. ಗೇಟು ದಾಟಿ ಲಾರಿ ಕಂಡದ್ದೇ, ಕಾರು ನಿಲ್ಲಿಸಿ ಎಂದು ಕೈ ಮಾಡಿದರು. ಇಳಿದು ಅದರ ಸುತ್ತ ಒಂದು ಸುತ್ತು ಬಂದರು. ಬಾನೆಟ್ಟಿನ ನೆಗ್ಗನ್ನು ಅಂಗೈಯಿಂದ ಸವರಿದರು.

ನಾನು ಮಾಲೀಕರನ್ನು ಹುಡುಕಿಕೊಂಡು ಹೋದೆ. ಒಳ್ಳೆಯ ವಿನಯದ ಮನುಷ್ಯ. ಮೇಡಂ, ಲಾರಿ ತೀರಾ ಹೊಸದು ಕಾಣ್ತಿತ್ತು, ಗೆಸ್ಟ್‌ಗಳು ಇದು ಡೂಪ್ಲಿಕೇಟಾ ಅಂತ ಕೇಳ್ತಿದ್ದರು, ಸೆಲ್ಫಿಯಲ್ಲಿ ಫೀಲ್ ಬರ್ತಿರಲಿಲ್ಲ, ಅದಕ್ಕೇ ಒಬ್ಬ ಆರ್ಟಿಸ್ಟ್ ಕರೆಸಿ ರಸ್ಟಿಕ್ ಲುಕ್ ಕೊಡಿಸಿದ್ವಿ ಎಂದರು. ಬಣ್ಣವನ್ನು ಮರಳು ಕಾಗದದಿಂದ ಉಜ್ಜಿಸಿ, ಮೇಲೆ ತುಕ್ಕಿನ ಪೇಂಟು ಬಳಿಸಿದ್ದಾರೆ. ಶಿರಸಿ ಪೇಂಟರ್ ಬರೆದ ಅಕ್ಷರಗಳನ್ನು ಅರ್ಧ ಅಳಿಸಿದ್ದಾರೆ. ಬಾನೆಟ್ಟಿಗೆ ಸುತ್ತಿಗೆಯಲ್ಲಿ ಹೊಡೆದು ನೆಗ್ಗಿಸಿದ್ದಾರೆ. ಇಷ್ಟಕ್ಕೆಲ್ಲ ಮೂರೇ ದಿನ ಹಿಡಿಯಿತಂತೆ. ಕುಂಬಾರನಿಗೆ ವರ್ಷ, ದೊಣ್ಣೆಗೆ ನಿಮಿಷ ಅನ್ನುತ್ತಾರಲ್ಲ, ಈಗ ದೊಣ್ಣೆ ಹಿಡಿದವನಿಗೆ ಆರ್ಟಿಸ್ಟ್ ಅಂತ ಹೆಸರು.

ನನಗೆ ಮೈಯೆಲ್ಲ ಉರಿಯಿತು. ಹಳೆಯ ಕಾಲದ ಲಾರಿ ಹೀಗಿತ್ತು ಅಂತ ಇವರಿಗೆ ಹೇಳಿದವರು ಯಾರು? ಆ ಕಾಲದ ಡ್ರೈವರುಗಳು ಹೊಳೆ ಕಂಡಲ್ಲಿ ಗಾಡಿ ನಿಲ್ಲಿಸಿ ತೊಳೆಯುತ್ತಿದ್ದರು. ಆಯುಧಪೂಜೆಗೆ ವಾರವಿರುವಾಗಲೇ ಹಿತ್ತಾಳೆ ತಿಕ್ಕಲು ಕೂರುತ್ತಿದ್ದರು. ಬಾಗಿಲಿಗೊಂದು ಗೀರು ಬಿದ್ದರೆ ಊಟ ಸೇರುತ್ತಿರಲಿಲ್ಲ. ಅವರ ಹತ್ತಿರ ಇದ್ದದ್ದು ಅದೊಂದೇ, ಅದಕ್ಕೇ ಅಷ್ಟು ಜೋಪಾನ. ಅವರು ಬದುಕಿದ್ದು ಹೊಳೆಯುವ ಲಾರಿಯ ಜೊತೆಗೆ. ತುಕ್ಕು ಬಂದದ್ದು ಅವರು ಕೈಬಿಟ್ಟ ಮೇಲೆ.

ಆದರೆ ನಮಗೆ ಬೇಕಾಗಿರುವುದು ಆ ತುಕ್ಕೇ. ನಮ್ಮ ಅಜ್ಜಿ ಹುಣಸೆಹಣ್ಣು ಹಾಕಿ ಥಳಥಳ ಹೊಳೆಯುವಂತೆ ತಿಕ್ಕುತ್ತಿದ್ದ ತಂಬಿಗೆಯನ್ನು ಈಗ ಕಪ್ಪಗೆ ಮಾಡಿ ಷೋಕೇಸಿನಲ್ಲಿ ಇಡುತ್ತೇವೆ. ನನ್ನ ತಂಗಿಯ ಸೊಸೆ ಹಳೆಯ ಲಾಟೀನು ಕೇಳಿ ಒಯ್ಯುವಾಗ, ದೊಡ್ಡಮ್ಮಾ, ಒರೆಸಬೇಡಿ, ಆಂಟಿಕ್ ಲುಕ್ ಹೋಗ್ತದೆ ಎಂದಿದ್ದಳು. (ಅದರ ಗಾಜು ಒರೆಸಿ ಒರೆಸಿಯೇ ನಾನು ಎಸ್ಸೆಸ್ಸೆಲ್ಸಿ ಪಾಸಾದದ್ದು ಮಾರಾಯ್ತಿ!) ಹಳತು ಅಂದರೆ ಹೊಲಸು ಅಂತ ಯಾವ ಸೀಮೆಯ ನ್ಯಾಯ? ಹಿಂದಿನವರೆಲ್ಲ ಕೊಳಕರಾಗಿದ್ದರು ಅಂತ ನಂಬಿದರೆ ಮಾತ್ರ ನಮಗೆ ಅವರ ಮೇಲೆ ಪ್ರೀತಿ ಉಕ್ಕುವುದಾ?

ಇಷ್ಟೆಲ್ಲ ಅಲ್ಲಿ ಹೇಳಿದೆನೇ? ಇಲ್ಲ. ಅಷ್ಟರಲ್ಲಿ ಮೈಕಿನಲ್ಲಿ ನನ್ನ ಹೆಸರು ಕರೆದರು. ಹೋಗಿ ರಿಬ್ಬನ್ ಕತ್ತರಿಸಿದೆ. ಶಾಲು ಹೊದಿಸಿಕೊಂಡೆ. ಚಪ್ಪಾಳೆ ಬಿತ್ತು. ನಾಚಿಕೆಗೇಡು, ನನ್ನದೇ.

ಕಾರ್ಯಕ್ರಮ ಮುಗಿಯುವ ಹೊತ್ತಿಗೆ ಈಶ್ವರ ನಾಯ್ಕರು ಬಂದರು. ಮಗಳ ಕೈ ಹಿಡಿದು, ಕೋಲೂರಿಕೊಂಡು, ನಿಧಾನವಾಗಿ ಲಾರಿಯ ಹತ್ತಿರ ನಡೆದರು. ಬಹಳ ಹೊತ್ತು ನೋಡಿದರು. ಆಮೇಲೆ ಮಿಸ್ತ್ರಿಯ ಕಡೆ ತಿರುಗಿದರು.

"ಎಂತ ಮಾರಾಯ ಖಾದರ, ಎರಡ್ ವರ್ಷದಿಂದ ಎಂತ ಮಾಡ್ತಿದ್ದೆ ನೀನು? ನಾ ಬಿಟ್ಟಾಗ ಇದಕ್ಕಿಂತ ಚೊಲೋ ಇತ್ತಲ್ಲ."

ಮಿಸ್ತ್ರಿ ಈಗ ಬಾಯಿ ಬಿಡುತ್ತಾರೆ ಅಂದುಕೊಂಡೆ. ಬಿಟ್ಟರು.

"ಆಗ್ಲಿಲ್ಲ ಈಶ್ವರಣ್ಣ. ವಯಸ್ಸಾತು."

ನನಗೆ ತಡೆಯಲಾಗಲಿಲ್ಲ. ಮೊಬೈಲ್ ತೆಗೆದು, ಎರಡು ತಿಂಗಳ ಹಿಂದೆ ಗ್ಯಾರೇಜಿನ ಮುಂದೆ ನಾನೇ ತೆಗೆದಿದ್ದ ಫೋಟೋವನ್ನು ನಾಯ್ಕರ ಮುಂದೆ ಹಿಡಿದೆ. ಅವರು ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. ಮುಖ ಅರಳಿತು.

"ಇದು ಗಾಡಿ ಹೊಸತಾಗಿ ಬಂದಾಗಿಂದ್ ಫೋಟೋ ಅಲ್ದಾ? ಆವಾಗ್ಲೇ ಕಲರ್ ಫೋಟೋ ಇತ್ತಾ?"

ಕೇಳಿದಿರಲ್ಲ? ಮಿಸ್ತ್ರಿ ಎರಡು ವರ್ಷ ಕಾದಿದ್ದ ಸರ್ಟಿಫಿಕೇಟು ಇದೇ. ನಾನು ವಿಷಯ ಹೇಳಲು ಬಾಯಿ ತೆರೆದೆ. ಮಿಸ್ತ್ರಿ ನನ್ನನ್ನು ನೋಡಿ ಬೇಡ ಎಂದು ತಲೆ ಅಲ್ಲಾಡಿಸಿದರು. ಹೌದು ನಾಯ್ಕರೇ, ಆಗಿನದು ಎಂದು ಫೋಟೋ ಮುಚ್ಚಿದೆ.

ವಾಪಸು ಬರುವಾಗ ಕಾರಿನಲ್ಲಿ ಅವರ ಮೇಲೆ ರೇಗಿದೆ. ಯಾಕೆ ಸುಳ್ಳು ಹೇಳಿದಿರಿ, ಮಾಡಿದ ಕೆಲಸವನ್ನು ಮಾಡಿಲ್ಲ ಅಂತ ಒಪ್ಪಿಕೊಳ್ಳುವುದು ಎಂಥ ದೊಡ್ಡಸ್ತಿಕೆ ಎಂದೆ. ಪುಟ್ಟಿ ಹಚ್ಚುವುದೇ ಸುಳ್ಳು ಅನ್ನುವ ಮನುಷ್ಯ! ಮಿಸ್ತ್ರಿ ನನ್ನ ಕಡೆ ತಿರುಗಿದರು.

"ನಾ ಕೈಲಾಗದವ ಅಂದ್ರ ಆತ ಒಂದಿನ ಬೈತಾನ, ಮರೀತಾನ್ರಿ ಅಕ್ಕೋರೆ. ಯಾರೋ ಬೇಕಂತ ಸುತ್ತಿಗೀಲೆ ಹೊಡದ್ರು ಅಂದ್ರ ತಡಕೊಂತಾನೇನ್ರಿ?"

ಅವರನ್ನು ಮನೆಯ ಮುಂದೆ ಇಳಿಸಿದೆ. ಇಳಿದವರು ಬಾಗಿಲು ಹಿಡಿದು ನಿಂತು, ಒಂದು ಉಪಕಾರ ಮಾಡಬೇಕು ಎಂದರು. ಲಾರಿಯ ಪಕ್ಕದಲ್ಲಿ ಒಂದು ಹಿತ್ತಾಳೆ ಫಲಕ ಹಾಕಿದ್ದಾರೆ. ಇದನ್ನು ಸಿದ್ಧಪಡಿಸಿದವರು ಖಾದರ್ ಮಿಸ್ತ್ರಿ, ಯಲ್ಲಾಪುರ ಎಂದು ಅದರಲ್ಲಿ ಬರೆದಿದೆ. ಆ ಹೆಸರನ್ನಷ್ಟು ತೆಗೆಸಿಕೊಡಬೇಕಂತೆ. ಐವತ್ತು ವರ್ಷದ ಕಸುಬಿನಲ್ಲಿ ಅವರ ಹೆಸರನ್ನು ಹಿತ್ತಾಳೆಯಲ್ಲಿ ಯಾರಾದರೂ ಕೊರೆಸಿದ್ದು ಅದೇ ಮೊದಲು.

ಮರುದಿನ ಮಾಲೀಕರಿಗೆ ಫೋನ್ ಮಾಡಿ, ಈ ಸಲ ಒಂದೂ ಬಿಡದೆ ಎಲ್ಲವನ್ನೂ ಹೇಳಿದೆ, ಫಲಕದಿಂದ ಮಿಸ್ತ್ರಿಯ ಹೆಸರು ತೆಗೆಸಿ ಎಂದೂ ಕೇಳಿದೆ. ಅವರು ತಾಳ್ಮೆಯಿಂದ ಕೇಳಿಸಿಕೊಂಡರು. ಬೇಸರವನ್ನೂ ಪಟ್ಟರು. ಕೊನೆಗೆ ನನ್ನನ್ನೇ ಸಮಾಧಾನ ಮಾಡಿದರು.

"ಟೆನ್ಷನ್ ಮಾಡ್ಕೋಬೇಡಿ ಮೇಡಂ. ಆ ಪ್ಲೇಟ್ ತುಂಬಾ ಹೊಳೀತಿದೆ ಅಂತ ಅದಕ್ಕೂ ರಸ್ಟಿಕ್ ಲುಕ್ ಕೊಡಿಸ್ತಿದೀವಿ. ಇನ್ನೊಂದ್ ವಾರಕ್ಕೆ ಹೆಸರು ಓದೋಕೇ ಬರಲ್ಲ."

ಈ ಭಾನುವಾರ ಸ್ಕ್ರೂಡ್ರೈವರ್ ಹಿಡಿದುಕೊಂಡು ನಾನೇ ಕಿರವತ್ತಿಗೆ ಹೊರಟಿದ್ದೇನೆ, ಜೊತೆಗೆ ಯಾರು ಬರ್ತೀರಿ?