ಎಂಜಿನ್ನಿನೊಳಗಿನ ಬಳೆಗಳು

ಆಗೆಲ್ಲ ಬೇಸಿಗೆ ರಜೆ ಬಂತೆಂದರೆ ಹ್ಯಾಂಡ್‌ಪೋಸ್ಟ್ ಊರಿನ ನಮ್ಮ ಬೀದಿಯ ಹುಡುಗಿಯರು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಉಪ್ಪು ಖಾರದ ಪೊಟ್ಟಣ ಕಟ್ಟಿಕೊಂಡು ಮಾವಿನ ತೋಪಿಗೆ ಹೋದರೆ ಹೊತ್ತು ಇಳಿದ ಮೇಲೇ ವಾಪಸು. ಆರನೇ ಕ್ಲಾಸು ಮುಗಿದ ಬೇಸಿಗೆಯಲ್ಲಿ ನಾನು ದೊಡ್ಡವಳಾದೆ. ಕೈತುಂಬ ಹಸಿರು ಗಾಜಿನ ಬಳೆ ತೊಡಿಸಿ, ಎಳ್ಳು ಬೆಲ್ಲದ ಚಿಗಳಿ ಉಂಡೆ ತಿನ್ನಿಸಿ, ಅವ್ವ ಹೇಳಿದಳು: “ಇನ್ಮ್ಯಾಕೆ ತೋಪು ಗೀಪು ಅಂತ ಓಗಂಗಿಲ್ಲ ಕಣವ್ವ.”

ಉಳಿದದ್ದು ಅಡುಗೆಮನೆ, ಹಿತ್ತಿಲು, ಹಿತ್ತಿಲಿಗೆ ಅಂಟಿದ ಅಪ್ಪನ ತಗಡಿನ ಶೆಡ್ಡು. ಅಪ್ಪ ಡೀಸೆಲ್ ಎಂಜಿನ್ ರಿಪೇರಿ ಮಾಡುತ್ತಿದ್ದ. ಹಂಪಾಪುರದಿಂದ ಬಂದ ಹಳೇ ಪಂಪ್‌ಸೆಟ್ಟಿನ ಎಂಜಿನ್ ಪೂರ್ತಿ ಬಿಚ್ಚಿಟ್ಟಿದ್ದ. ಎಣ್ಣೆ ನಿಲ್ಲುವ ಅದರ ಹೊಟ್ಟೆಯ ಒಳಗೋಡೆಗೆ ಕೆಂಪು ಬಣ್ಣ ಬಳಿಯಬೇಕಿತ್ತು. ಎಣ್ಣೆಗೆ ಕರಗದ ಬಣ್ಣ ಅದು. ಬಳಿದರೆ ತುಕ್ಕು ಉದುರಿ ಎಣ್ಣೆಗೆ ಸೇರುವುದಿಲ್ಲ. ಮುಖ ಊದಿಸಿಕೊಂಡು ಕೂತಿದ್ದ ನನ್ನ ಕೈಗೆ ಅಪ್ಪ ಬ್ರಷ್ ಕೊಟ್ಟ.

“ಆ ಮೂಲೆಗೆ ನನ್ ಕೈ ಓಗಕಿಲ್ಲ. ನೀನೇ ಬಳಿ ಕೂಸೆ.”

ಬಳೆಗಳನ್ನು ಮೊಣಕೈಯತ್ತ ಏರಿಸಿ, ಪಕ್ಕದ ಸಣ್ಣ ಕಿಂಡಿಯಲ್ಲಿ ಕೈ ತೂರಿಸಿದೆ. ಥಿನ್ನರ್ ವಾಸನೆಗೆ ತಲೆ ಧಿಮ್ಮೆನ್ನುತ್ತಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಗೆಳತಿಯರ ಗದ್ದಲ ಕೇಳಿತು.

“ಏ ಮಾದೇವಿ, ನಿಂತ್ಕೊಳ್ರೇ!” ಎಂದು ಕೈ ಎಳೆದೆ. ಬರಲಿಲ್ಲ. ಬಳೆಗಳು ಒಳಕ್ಕೆ ಜಾರಿ ಮುಂಗೈಯಲ್ಲಿ ಕಿಂಡಿಗೆ ಅಡ್ಡ ನಿಂತಿದ್ದವು. ಗದ್ದಲ ತೋಪಿನ ಕಡೆ ದೂರವಾಯಿತು. ನಾನು ಅಳುತ್ತಾ ಇನ್ನೂ ಜೋರಾಗಿ ಎಳೆದೆ.

“ಎಳೀಬ್ಯಾಡ! ಗಾಜು ಒಡದ್ರೆ ಕೈ ಕುಯ್ದೋಯ್ತದೆ,” ಎಂದು ಅಪ್ಪ ಕೂಗಿದ. ಅವ್ವ ಒಲೆಯ ಮೇಲಿನ ಉಪ್ಸಾರು ಬಿಟ್ಟು ಓಡಿಬಂದಳು. ಅಪ್ಪ ಇಕ್ಕಳ ಹುಡುಕುವುದನ್ನು ಕಂಡು, “ಒಡೀಬ್ಯಾಡಿ ಕಣ್ರೀ, ಮೊನ್ನೆ ತೊಡ್ಸಿದ್ ಬಳೆ,” ಎಂದಳು.

ಕಬ್ಬಿಣ ತಣ್ಣಗಿತ್ತು. ಬೆರಳು ಜೋಮು ಹಿಡಿಯುತ್ತಿತ್ತು. ಇಡೀ ರಜೆ ಹೀಗೇ ಕೂರಬೇಕೇನೋ ಅನ್ನಿಸಿ, “ನಂಗೆ ಬಳೇನೂ ಬ್ಯಾಡ, ದೊಡ್ಡೋಳಾಗದೂ ಬ್ಯಾಡ,” ಎಂದು ಚೀರಿದೆ.

ಅವ್ವ ಅಂಗೈಗೆ ಹರಳೆಣ್ಣೆ ಸುರಿದುಕೊಂಡು, ಸಿಲಿಂಡರ್ ಕೂರುವ ಮೇಲಿನ ದೊಡ್ಡ ತೂತಿನಿಂದ ತನ್ನ ಕೈ ಇಳಿಸಿ ನನ್ನ ಮುಂಗೈ ನೀವಿದಳು. “ಬಳೆ ಒಳ್ಗೇ ಬೀಳ್ಲಿ ಬುಡು. ಮೊದ್ಲು ನಿನ್ ಕೈ ಈಚೆ ಬರ್ಲಿ.” ಒಂದೊಂದಾಗಿ ಬಳೆ ಕಳಚಿ ಎಂಜಿನ್ನಿನೊಳಗೆ ಬಿದ್ದವು. ಕೈ ಈಚೆ ಬಂತು. ಅಪ್ಪ ಬಳೆಗಳನ್ನು ಎತ್ತಿ, ಕೆರೆದುಹೋದ ಕಡೆ ಮತ್ತೆ ಬಣ್ಣ ಬಳಿಯಲು ಹೇಳಿದ.

“ನಾಳೆ ತೋಪಿಗೆ ಓಗ್ಲಾ?” ಎಂದು ಅವ್ವನನ್ನು ಕೇಳಿದೆ. ಅವಳು ನನ್ನ ಕೈಯ ಎಣ್ಣೆ ಒರೆಸುತ್ತಲೇ ಇದ್ದಳು.

ಸ್ಕೂಲು ಶುರುವಾದಾಗ ಗೆಳತಿಯರು ತೋಪಿನಲ್ಲಿ ನಡೆದ ಯಾವುದೋ ಒಂದು ಮಾತು ಎತ್ತಿ ಬಿದ್ದು ಬಿದ್ದು ನಗುತ್ತಿದ್ದರು. ನನಗೆ ತಲೆಬುಡ ತಿಳಿಯುತ್ತಿರಲಿಲ್ಲ. ಈಗಲೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕರೆ ಮಾದೇವಿ ಅದೇ ಮಾತು ನೆನೆದು ನನ್ನ ಭುಜಕ್ಕೆ ಹೊಡೆದು ನಗುತ್ತಾಳೆ. ಆ ಬೇಸಿಗೆ ನಾನು ಅಲ್ಲಿರಲಿಲ್ಲವೆಂಬುದು ಅವಳಿಗೆ ಮರೆತೇಹೋಗಿದೆ. ನಾನೂ ನಗುತ್ತೇನೆ.